ರಿಪೋರ್ಟಿನಲ್ಲಿ ‘ಸಾಗರ’ ಅಂತ ಬಂದಿದ್ದು ಸಾಗರದವರಾ, ಸಾಗರ ಹುಡುಕುವವರಾ?

ಹಿನ್ನೀರಮನೆ

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ನಾಲ್ಕೇ ರೂಮು. ಮಳೆಗಾಲದಲ್ಲಿ ಜೋಗ ನೋಡಲು ಬರುವವರೇ ನಮಗೆ ಆಧಾರ. ಈ ಜೂನ್‌ನಿಂದ ಗೂಗಲ್ ಆ್ಯಡ್ಸ್‌ಗೆ ದಿನಕ್ಕೆ 300 ರೂಪಾಯಿ ಹಾಕುತ್ತಿದ್ದೇವೆ. ಜಾಗ ಅಂತ ಇಡೀ ಕರ್ನಾಟಕವನ್ನು ಆರಿಸಿದ್ದೇವೆ.

ನಿನ್ನೆ ರಾತ್ರಿ ಊಟ ಮುಗಿಸಿ, ಯಾವ ಊರಿಗೆ ಎಷ್ಟು ದುಡ್ಡು ಹೋಯಿತು ಅಂತ ತೋರಿಸುವ ರಿಪೋರ್ಟಿನಲ್ಲಿ ಊರುಗಳ ಪಟ್ಟಿ ತೆಗೆದು ನೋಡಿದೆ. ಮೊದಲ ಸಾಲು ಬೆಂಗಳೂರು, ಅದು ಸರಿ. ಎರಡನೇ ಸಾಲೇ ಸಾಗರ! ತಿಂಗಳ ದುಡ್ಡಿನಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಅಲ್ಲಿಗೇ ಹೋಗಿದೆ. ಸಾಗರದವರು ರಾತ್ರಿ ಉಳಿಯಲು ನಮ್ಮಲ್ಲಿಗೆ ಯಾಕೆ ಬರುತ್ತಾರೆ ಹೇಳಿ? ಅವರ ಮನೆ ಇಲ್ಲೇ ಇದೆಯಲ್ಲ. ಫೋನ್ ಮಾಡುವವರೆಲ್ಲ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ ಕಡೆಯವರು. ಜಾಹೀರಾತು ಹಾಕಿಕೊಟ್ಟ ನನ್ನ ತಮ್ಮ "ಸಾಗರಾನ ಹೊರಗಿಡು ಅಕ್ಕ, ದುಡ್ಡು ಉಳಿಯುತ್ತೆ" ಅಂತಾನೆ. ಕೈ ಹಾಕುವ ಮೊದಲು ಗೊತ್ತಿದ್ದವರನ್ನು ಕೇಳೋಣ ಅನ್ನಿಸಿತು.

ಲೆಕ್ಕದಪುಸ್ತಕ

ಅಕ್ಕಾ, ಇವತ್ತು ಏನನ್ನೂ ತೆಗೆಯಬೇಡಿ. ಒಂದು ದಿನ ತಡೆಯಿರಿ.

ನಾನು ಹತ್ತು ಹನ್ನೆರಡು ಸಣ್ಣ ಅಂಗಡಿಗಳ ಜಾಹೀರಾತು ನೋಡಿಕೊಳ್ಳುತ್ತೇನೆ. ನಿಮ್ಮ ಪ್ರಶ್ನೆ ನನ್ನ ಹತ್ತಿರ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ, ಹೆಚ್ಚಿನವರು ಆ ಊರನ್ನು ತೆಗೆದು ಹಾಕಿದ ಮೇಲೆ ಬರುತ್ತಾರೆ. ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ನೀವು ನೋಡಿದ ಪಟ್ಟಿಯ ಹೆಸರೇನು? ‘ಮ್ಯಾಚ್ಡ್ ಲೊಕೇಶನ್ಸ್’ ಅಂತ ಇದ್ದರೆ, ಅದು ಜನ ಎಲ್ಲಿ ಕೂತಿದ್ದರು ಅಂತ ಹೇಳುವ ಪಟ್ಟಿ ಅಲ್ಲ. ಯಾವ ಊರಿನ ಕಾರಣಕ್ಕೆ ನಿಮ್ಮ ಜಾಹೀರಾತು ಅವರಿಗೆ ಕಾಣಿಸಿತು ಅಂತ ಹೇಳುವ ಪಟ್ಟಿ. ಆ ಕಾರಣ ಎರಡು ಬಗೆಯದಿರಬಹುದು. ಒಂದು, ಆ ಮನುಷ್ಯ ನಿಜವಾಗಿ ಆ ಊರಿನಲ್ಲಿದ್ದ. ಇದಕ್ಕೆ ಅಲ್ಲಿ ‘ಫಿಸಿಕಲ್ ಲೊಕೇಶನ್’ ಅನ್ನುತ್ತಾರೆ. ಇನ್ನೊಂದು, ಆತ ಬೇರೆಲ್ಲೋ ಕೂತು ಆ ಊರಿನ ಬಗ್ಗೆ ಹುಡುಕುತ್ತಿದ್ದ. ಅದು ‘ಲೊಕೇಶನ್ ಆಫ್ ಇಂಟರೆಸ್ಟ್’. ಜಯನಗರದಲ್ಲಿ ಕೂತವರು "ಸಾಗರ ಹೋಂಸ್ಟೇ" ಅಂತ ಟೈಪ್ ಮಾಡಿದರೆ ಈ ಪಟ್ಟಿಯಲ್ಲಿ ಅದು ಸಾಗರದ ಲೆಕ್ಕಕ್ಕೆ ಬರೆಯಬಹುದು. ಮನುಷ್ಯ ಬೆಂಗಳೂರಿನಲ್ಲಿ, ಮನಸ್ಸು ಸಾಗರದಲ್ಲಿ.

ಜನ ಎಲ್ಲಿದ್ದರು ಅನ್ನುವುದು ಮಾತ್ರ ಬೇಕಿದ್ದರೆ ‘ಯೂಸರ್ ಲೊಕೇಶನ್ಸ್’ ಅನ್ನುವ ಬೇರೆ ಪಟ್ಟಿ ಇದೆ. ಯಾವ ಊರಿನ ಬಗ್ಗೆ ಹುಡುಕಿದರು ಅನ್ನುವುದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಿಪೋರ್ಟ್ ಎಡಿಟರ್‌ನಲ್ಲಿ ಕಾಲಂ ಹೆಸರು ಗಮನಿಸಿ. ಸಿಟಿ ಅಂತ ಎರಡು ಕಾಲಂ ಸಿಗುತ್ತವೆ, ಒಂದರ ಪಕ್ಕ ಮ್ಯಾಚ್ಡ್ ಅಂತ, ಇನ್ನೊಂದರ ಪಕ್ಕ ಯೂಸರ್ ಲೊಕೇಶನ್ ಅಂತ ಇರುತ್ತದೆ. ಎರಡೂ ಒಂದೇ ಅಂದುಕೊಂಡು ಯಾವುದೋ ಒಂದನ್ನು ಎಳೆದು ಹಾಕಿದರೆ ದಾರಿ ತಪ್ಪುವುದು ಅಲ್ಲೇ. ಇನ್ನೂ ಒಂದು ಮಾತು, ಎರಡು ಪಟ್ಟಿಗಳನ್ನು ಸೇರಿಸಿ ಕೂಡಬೇಡಿ. ಅದೇ ಕ್ಲಿಕ್‌ಗಳು ಎರಡರಲ್ಲೂ ಇರುತ್ತವೆ.

ಹಿನ್ನೀರಮನೆ

ಹೌದಾ ಮಾರಾಯ್ರೆ! ನಾನು ನೋಡಿದ್ದು ಮ್ಯಾಚ್ಡ್ ಪಟ್ಟಿಯೇ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಕೂತು ನೀವು ಹೇಳಿದ ಹಾಗೆ ಎರಡೂ ತೆಗೆದೆ. ಸಾಗರ ಅಂತ ಇದ್ದ ಕ್ಲಿಕ್‌ಗಳಲ್ಲಿ ಬಹುಪಾಲು ಇಂಟರೆಸ್ಟ್‌ನವು. ನಿಜವಾಗಿ ಸಾಗರದಲ್ಲಿದ್ದವರು ಬೆರಳೆಣಿಕೆಯಷ್ಟು. ಯೂಸರ್ ಲೊಕೇಶನ್ಸ್‌ನಲ್ಲಿ ಬೆಂಗಳೂರೇ ಮುಕ್ಕಾಲು ಭಾಗ.

ಆದರೆ ಹೊಸ ಗೊಂದಲ. ನಾನು ಆರಿಸಿದ್ದು ಕರ್ನಾಟಕ ಮಾತ್ರ. ಪಟ್ಟಿಯಲ್ಲಿ ಪುಣೆ, ಚೆನ್ನೈ, ಹೈದರಾಬಾದ್ ಇವೆ. ಒಂದು ಸಾಲು ದುಬೈ ಕೂಡ. ಇವರೆಲ್ಲ ಒಳಗೆ ಬಂದಿದ್ದು ಹೇಗೆ?

ಲೆಕ್ಕದಪುಸ್ತಕ

ಅದೂ ಅದೇ ಬಾಗಿಲಿನಿಂದ. ಕ್ಯಾಂಪೇನ್, ಅಂದರೆ ನಿಮ್ಮ ಜಾಹೀರಾತಿನ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಪ್ಷನ್ಸ್ ಅಂತ ಒಂದು ಮಡಿಕೆ ಇರುತ್ತದೆ, ಬಿಚ್ಚಿ ನೋಡಿ. ಎರಡು ಆಯ್ಕೆ: ‘ಪ್ರೆಸೆನ್ಸ್ ಆರ್ ಇಂಟರೆಸ್ಟ್’ ಮತ್ತು ‘ಪ್ರೆಸೆನ್ಸ್’. ನಾವಾಗಿ ಬದಲಾಯಿಸದಿದ್ದರೆ ಮೊದಲನೆಯದೇ ಇರುತ್ತದೆ. ಅಂದರೆ ಕರ್ನಾಟಕದಲ್ಲಿ ಇರುವವರು, ಆಗಾಗ ಬಂದು ಹೋಗುವವರು, ಕರ್ನಾಟಕದ ಜಾಗಗಳ ಬಗ್ಗೆ ಆಸಕ್ತಿ ತೋರಿಸಿದವರು, ಮೂರೂ ಬಗೆಯವರು ಸೇರುತ್ತಾರೆ. ಎರಡನೆಯದರಲ್ಲಿ ಬರೀ ಆಸಕ್ತಿ ತೋರಿಸಿದವರು ಸೇರುವುದಿಲ್ಲ. ಹಿಂದೆ ಹುಡುಕಾಟದ ಆಸಕ್ತಿ ಮಾತ್ರ ಅಂತ ಮೂರನೇ ಆಯ್ಕೆಯೂ ಇತ್ತು, 2023ರಲ್ಲಿ ಅದನ್ನು ತೆಗೆದರು.

ಪುಣೆಯಲ್ಲಿ ಕೂತು ಜೋಗದ ಹತ್ತಿರ ರೂಮು ಹುಡುಕುವವರು ನಿಮಗೆ ಬೇಡವಾದ ಗಿರಾಕಿಯಾ? ಅಲ್ಲ ಅಲ್ಲವಾ? ನಿಮ್ಮ ವ್ಯವಹಾರಕ್ಕೆ ಈ ಸೆಟ್ಟಿಂಗ್ ಹಾಗೇ ಇರಲಿ ಅನ್ನುತ್ತೇನೆ.

ತಮ್ಮನಿಗೆ ಇದನ್ನೂ ಹೇಳಿ. ಊರನ್ನು ಹೊರಗಿಡುವಾಗಲೂ ಅದು ಯಾವ ಅರ್ಥದಲ್ಲಿ ಹೊರಗೆ ಅನ್ನುವುದನ್ನು ನೋಡಬೇಕು. ಅಲ್ಲಿ ಇರುವವರನ್ನು ಮಾತ್ರ ಅಂತಾದರೆ ನಷ್ಟ ಕಡಿಮೆ. ಆಸಕ್ತಿ ತೋರಿಸಿದವರನ್ನೂ ಸೇರಿಸಿ ಅಂತಾದರೆ, "ಸಾಗರ ಹೋಂಸ್ಟೇ" ಅಂತ ಹುಡುಕಿದ ಬೆಂಗಳೂರಿನವರಿಗೇ ನಿಮ್ಮ ಬಾಗಿಲು ಮುಚ್ಚಿದ ಹಾಗೆ.

ತಂಪುಗಾಳಿ_ಮೈಸೂರು

ಇಲ್ಲಿ ನಂದೊಂದು ಮಾತು ಇದೆ ಸಾರ್. ಹೋಂಸ್ಟೇಗೆ ನೀವು ಹೇಳಿದ್ದು ಸರಿ. ಎಲ್ಲರಿಗೂ ಅದನ್ನೇ ಹೇಳಬೇಡಿ.

ನಾನು ಮೈಸೂರಲ್ಲಿ ಎಸಿ, ಫ್ರಿಜ್ಜು, ವಾಷಿಂಗ್ ಮೆಷೀನ್ ರಿಪೇರಿ ಮಾಡ್ತೀನಿ. ನನ್ನ ಹುಡುಗರು ಸ್ಕೂಟರಲ್ಲಿ ಹೋಗೋದು ಹೆಚ್ಚಂದ್ರೆ ಹದಿನೈದು ಕಿಲೋಮೀಟರು. ಡೆಲ್ಲಿ, ಹೈದರಾಬಾದ್ ಕ್ಲಿಕ್ಕು ನನಗೆ ಏನಕ್ಕೆ? ಮೊದಲ ಬೇಸಿಗೆ ಇದು ಗೊತ್ತಿಲ್ಲದೆ ಎರಡು ತಿಂಗಳು ಓಡಿಸ್ದೆ. ಪಟ್ಟಿ ನೋಡಿದ ದಿನ ಬೇಜಾರಾಗಿ ಊಟ ಸೇರಲಿಲ್ಲ. ಆವತ್ತೇ ಪ್ರೆಸೆನ್ಸ್ ಮಾತ್ರ ಅಂತ ಮಾಡಿಟ್ಟೆ. ರಿಪೇರಿ, ಕ್ಲಿನಿಕ್ಕು, ಟ್ಯೂಷನ್ನು, ಹೋಟೆಲ್ ಪಾರ್ಸೆಲ್ಲು, ಇಂಥ ಕೆಲಸ ಮಾಡೋರೆಲ್ಲ ಮೊದಲ ದಿನವೇ ಅದನ್ನ ಬದಲಾಯಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಎಡಿಸನ್_ಕನ್ನಡತಿ

ತಂಪುಗಾಳಿ ಅವರೇ, ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಅಮ್ಮ ಇರುವುದು ಮೈಸೂರಿನ ಕುವೆಂಪುನಗರದಲ್ಲಿ, ಒಬ್ಬರೇ. ಕಳೆದ ಏಪ್ರಿಲ್‌ನಲ್ಲಿ ಅಮ್ಮನ ಮನೆ ಫ್ರಿಜ್ ಕೆಟ್ಟಾಗ ಇಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಕೂತು "ಮೈಸೂರು ಫ್ರಿಜ್ ರಿಪೇರಿ" ಅಂತ ಹುಡುಕಿದವಳು ನಾನು. ಮೊದಲು ಕಂಡ ಅಂಗಡಿಗೆ ಫೋನ್ ಮಾಡಿದೆ, ಮಧ್ಯಾಹ್ನದ ಹೊತ್ತಿಗೆ ಸರಿ ಮಾಡಿಕೊಟ್ಟರು, ದುಡ್ಡು ಇಲ್ಲಿಂದಲೇ ಕಳಿಸಿದೆ. ಈಗಲೂ ಅವರನ್ನೇ ಕರೆಯುತ್ತೇನೆ. ನೀರಿನ ಫಿಲ್ಟರ್, ಇನ್ವರ್ಟರ್ ಬ್ಯಾಟರಿ, ಮನೆಗೆ ಬಂದು ನೋಡಿಕೊಳ್ಳುವ ನರ್ಸ್, ಎಲ್ಲವನ್ನೂ ನಾನು ಹುಡುಕುವುದು ಇಲ್ಲಿಂದಲೇ. ನನ್ನ ಹಾಗೆ ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬಂದವರು ಇಲ್ಲಿ ಎಷ್ಟೊಂದು ಜನ ಇದ್ದಾರೆ.

ನಿಮ್ಮ ರಿಪೋರ್ಟಿನಲ್ಲಿ ನಾನು ಒಂದು ಅಮೆರಿಕದ ಸಾಲು. ದಯವಿಟ್ಟು ನನ್ನನ್ನು ದಂಡದ ಖರ್ಚು ಅಂತ ಎಣಿಸಬೇಡಿ.

ತಂಪುಗಾಳಿ_ಮೈಸೂರು

ಮೇಡಂ, ನೀವು ಹೇಳಿದ್ದು ಓದಿ ಸುಮ್ಮನೆ ಕೂತ್ಬಿಟ್ಟೆ. ಹೌದು, ಪ್ಲಸ್ ಒಂದರ ಅಮೆರಿಕ ನಂಬರಿಂದ ಆಗಾಗ ಕರೆ ಬರ್ತಿತ್ತು. "ಅಮ್ಮ ಮನೇಲಿರ್ತಾರೆ, ಸ್ವಲ್ಪ ನಿಧಾನಕ್ಕೆ ಮಾತಾಡಿ" ಅಂತ ಹೇಳೋರು. ಸೆಟ್ಟಿಂಗ್ ಬದಲಾಯಿಸಿದ ಮೇಲೆ ಅವು ನಿಂತಿವೆ. ಈ ಎರಡನ್ನ ನಾನು ಒಟ್ಟಿಗೆ ಇಟ್ಟು ಯೋಚನೇನೇ ಮಾಡಿರಲಿಲ್ಲ.

ಹಂಗಂತ ಮತ್ತೆ ಎಲ್ಲ ತೆಗೆದು ಬಿಟ್ರೆ ಹಳೇ ಕತೆ. ಮಧ್ಯದ ದಾರಿ ಏನಾದ್ರೂ ಇದೆಯಾ ಲೆಕ್ಕದಪುಸ್ತಕ ಸಾರ್?

ಲೆಕ್ಕದಪುಸ್ತಕ

ಇದೆ. ಮುಖ್ಯ ಕ್ಯಾಂಪೇನ್ ಪ್ರೆಸೆನ್ಸ್‌ನಲ್ಲೇ ಇರಲಿ. ಇನ್ನೊಂದು ಸಣ್ಣ ಕ್ಯಾಂಪೇನ್ ಮಾಡಿ. ಅದರಲ್ಲಿ ಜಾಗ ಅಂತ ಅಮೆರಿಕ, ಯುಎಇ, ಬ್ರಿಟನ್ ಹಾಕಿ, ಕೀವರ್ಡ್‌ಗಳಲ್ಲಿ, ಅಂದರೆ ಜನ ಹುಡುಕುವ ಪದಗಳಲ್ಲಿ, ‘ಮೈಸೂರು’ ಅನ್ನುವ ಪದ ಇರಲೇಬೇಕು. ಬಜೆಟ್ ದಿನಕ್ಕೆ ನೂರು ರೂಪಾಯಿ ಇರಲಿ. ಜಾಹೀರಾತಿನ ಸಾಲಿನಲ್ಲೇ "ಮೈಸೂರಿನಲ್ಲಿರುವ ಅಪ್ಪ ಅಮ್ಮನ ಮನೆಗೆ" ಅಂತ ಬರೆಯಿರಿ. ಆಗ ಯಾರಿಗೆ ಎಷ್ಟು ಖರ್ಚಾಯಿತು ಅನ್ನುವುದು ಬೇರೆ ಬೇರೆ ಕಾಣುತ್ತದೆ.

ನಿಮ್ಮ ಮೊದಲ ಬೇಸಿಗೆಯ ಪಟ್ಟಿಯಲ್ಲಿ ಡೆಲ್ಲಿ, ಹೈದರಾಬಾದ್ ಕಂಡಿದ್ದು ಕ್ಲಿಕ್‌ಗಳು. ಅವುಗಳಲ್ಲಿ ಕರೆ ಎಷ್ಟು ಅಂತ ನೋಡಿದ್ದಿರಾ? ಊರಿನ ಸಾಲಿನ ಪಕ್ಕ ಕನ್ವರ್ಶನ್, ಅಂದರೆ ಎಷ್ಟು ಕ್ಲಿಕ್ ಕರೆಯಾಯಿತು ಅನ್ನುವ ಕಾಲಂ ಇಲ್ಲದೆ ಯಾವ ಊರನ್ನೂ ಒಳ್ಳೆಯದು ಕೆಟ್ಟದ್ದು ಅನ್ನಲು ಬರುವುದಿಲ್ಲ. ಕರೆ ಎಣಿಸುವ ವ್ಯವಸ್ಥೆ ಆಗಲೇ ಇದ್ದಿದ್ದರೆ, ಹಿಂದಿನ ತಾರೀಖು ಕೊಟ್ಟು ಆ ತಿಂಗಳುಗಳದ್ದು ಈಗಲೂ ತೆಗೆಯಬಹುದು.

ಪ್ರೆಸೆನ್ಸ್ ಮಾತ್ರ ಅಂತ ಇಟ್ಟ ಮೇಲೂ ಹೊರಗಿನ ಒಂದೆರಡು ಊರು ಕಂಡರೆ ಗಾಬರಿಯಾಗಬೇಡಿ. ಆಗಾಗ ಮೈಸೂರಿನಲ್ಲಿ ಇರುವವರು ಅಂತ ಎಣಿಸಿದವರು ಆ ಹೊತ್ತಿಗೆ ಬೇರೆ ಕಡೆ ಇದ್ದಿರಬಹುದು.

ಎಡಿಸನ್_ಕನ್ನಡತಿ

ಇಲ್ಲಿಯ ಒಂದು ವಿಷಯ ಸೇರಿಸುತ್ತೇನೆ, ಅಮೆರಿಕ ಆರಿಸುವವರಿಗೆ ಉಪಯೋಗ. ಇಲ್ಲಿ ರಾಜ್ಯ, ಕೌಂಟಿ, ಊರು ಬಿಟ್ಟು ಡಿಎಂಎ ಅಂತ ಇನ್ನೊಂದು ವಿಂಗಡಣೆ ಇದೆ. ಟಿವಿ ಮಾರುಕಟ್ಟೆಗಾಗಿ ನೀಲ್ಸನ್ ಸಂಸ್ಥೆ ದೇಶವನ್ನು 210 ಭಾಗ ಮಾಡಿದ್ದು. ಅದು ರಾಜ್ಯದ ಗಡಿ ನೋಡುವುದಿಲ್ಲ. ನಮ್ಮ ಎಡಿಸನ್ ನ್ಯೂಯಾರ್ಕ್ ಡಿಎಂಎಗೆ ಸೇರುತ್ತದೆ. ಅರ್ಧ ಗಂಟೆ ದಾರಿಯ ಪ್ರಿನ್ಸ್‌ಟನ್ ಫಿಲಡೆಲ್ಫಿಯಾಕ್ಕೆ. ಎರಡೂ ನ್ಯೂಜೆರ್ಸಿಯೇ. ಹಬ್ಬದ ಅಡುಗೆ ಮಾಡಿಕೊಡುವ ನನ್ನ ಗೆಳತಿ ‘ನ್ಯೂಯಾರ್ಕ್’ ಸಾಲನ್ನು ನೋಡಿ ಮ್ಯಾನ್‌ಹಟನ್‌ನಿಂದ ಆರ್ಡರ್ ಬರುತ್ತಿದೆ ಅಂತ ನಂಬಿದ್ದಳು. ಬರುತ್ತಿದ್ದಿದ್ದು ನಮ್ಮ ಪಕ್ಕದ ಬೀದಿಯಿಂದ.

ಒಣದ್ರಾಕ್ಷಿ_ವಿಜಯಪುರ

ಹೆಸರಿನ ಗೊಂದಲ ಯಾರೂ ಹೇಳಲಿಲ್ಲಲ್ರಿ. ನನಗ ಆಗಿದ್ದು ಹೇಳತೀನಿ.

ನಮ್ಮ ಊರಿನ ಹೆಸರು 2014ರ ನವೆಂಬರ್ 1ಕ್ಕ ಬಿಜಾಪುರ ಹೋಗಿ ವಿಜಯಪುರ ಆತು. ಅವತ್ತೇ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಎಲ್ಲಾ ಸೇರಿ 12 ಊರಿನ ಹೆಸರು ಬದಲಾದವು. ಮೊದಲನೇ ಸಲ ಜಾಹೀರಾತು ಹಾಕುವಾಗ ರೂಢಿ ಮ್ಯಾಲೆ ಬಿಜಾಪುರ ಅಂತ ಟೈಪ್ ಮಾಡಿ, ಬಂದಿದ್ದನ್ನ ಒತ್ತಿ ಬಿಟ್ಟೆ. ಅದು ಛತ್ತೀಸಗಡದ ಬಿಜಾಪುರ! ಅಲ್ಲಿ ನಮ್ಮ ಒಣದ್ರಾಕ್ಷಿ ಕೇಳವರು ಯಾರ್ರಿ? ಇನ್ನ ವಿಜಯಪುರ ಅಂತ ಹಾಕಿದರೂ ಒಮ್ಮೆ ನೋಡಬೇಕು, ದೇವನಹಳ್ಳಿ ತಾಲ್ಲೂಕಿನಾಗೂ ಒಂದು ವಿಜಯಪುರ ಐತಿ.

ಅಕ್ಕಾರ, ನಿಮ್ಮ ಸಾಗರಕ್ಕೂ ಅದೇ ಮಾತು. ಮಧ್ಯಪ್ರದೇಶದಾಗ ದೊಡ್ಡ ಸಾಗರ ಪಟ್ಟಣ ಐತಿ, ಇಂಗ್ಲಿಷಿನಾಗ ಬರೆದರ ಕಡೀ ಅಕ್ಷರ ಒಂದೇ ಫರಕು. ಊರಿನ ಹೆಸರಿನ ಜೋಡಿ ರಾಜ್ಯದ ಹೆಸರೂ ಬಂದಿರತೈತಿ, ಅದನ್ನ ಪೂರ್ತಿ ಓದ್ರಿ. ಜಿಲ್ಲೆನೋ ಊರೋ ಅನ್ನೋದನ್ನೂ ನೋಡ್ರಿ. ವಿಜಯಪುರ ಜಿಲ್ಲೆ ಅಂದ್ರ ಸಿಂದಗಿ, ಇಂಡಿ, ಮುದ್ದೇಬಿಹಾಳ ಎಲ್ಲಾ ಬರತಾವು. ಊರು ಅಂದ್ರ ಊರಷ್ಟೇ.

ಎಕ್ಸೆಲ್‌ನಾಗ ಹಳೇ ಹೊಸ ರಿಪೋರ್ಟ್ ಕೂಡಸವರು ಹೆಸರು ಬಿಟ್ಟು ನಂಬರ್ ಹಿಡೀರಿ. ಗೂಗಲ್ ಪ್ರತಿ ಜಾಗಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟಿರತೈತಿ. ಭಾರತ ಅಂದ್ರ 2356, ಅಮೆರಿಕ 2840. ಐಎಸ್‌ಒ ಅನ್ನೋ ಸಂಸ್ಥೆ ದೇಶಕ್ಕೊಂದು ಕೊಟ್ಟ ಸಂಖ್ಯೆಗೆ 2000 ಕೂಡಿಸಿದ್ದು ಅದು. ಸ್ಪೆಲ್ಲಿಂಗ್ ಬದಲಾದರೂ ಲೆಕ್ಕ ತಪ್ಪಂಗಿಲ್ಲ.

ಹಿನ್ನೀರಮನೆ

ಅಯ್ಯೋ, ನೋಡಿದೆ ಅಣ್ಣ. ನಮ್ಮದು ಕರ್ನಾಟಕದ ಸಾಗರವೇ, ಸದ್ಯ.

ಇನ್ನೊಂದು ಕೇಳುತ್ತೇನೆ, ಬೇಜಾರಾಗಬೇಡಿ. ತೀರ್ಥಹಳ್ಳಿ, ಹೊಸನಗರ, ಸೊರಬ, ಸಿದ್ದಾಪುರದಿಂದ ನಮಗೆ ಸುಮಾರು ಫೋನ್ ಬರುತ್ತದೆ. ಬೆಂಗಳೂರಿನ ನೆಂಟರಿಗೆ ಅಂತ ಕೇಳುವವರು. ಯೂಸರ್ ಲೊಕೇಶನ್ಸ್‌ನಲ್ಲಿ ಈ ಊರುಗಳು ಕಾಣಿಸುವುದೇ ಅಪರೂಪ. ಮತ್ತೆ ‘ಅನ್‌ಸ್ಪೆಸಿಫೈಡ್’ ಅಂತ ಒಂದು ಸಾಲು ಇದೆ. ಊರುಗಳನ್ನೆಲ್ಲ ಕೂಡಿದರೆ ರಾಜ್ಯದ ಮೊತ್ತ ಬರುವುದೇ ಇಲ್ಲ.

ಟವರ್‌ಬುಡ

ಮೂವತ್ತು ವರ್ಷ ದೂರಸಂಪರ್ಕದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ಪ್ರಶ್ನೆಗೆ ಉತ್ತರ ನಮ್ಮ ಕಡೆಯಿಂದ ಬರಬೇಕು.

ಗೂಗಲ್ ಒಬ್ಬ ಮನುಷ್ಯ ಎಲ್ಲಿದ್ದಾನೆ ಅಂತ ತಿಳಿಯುವುದು ಹಲವು ಸುಳಿವುಗಳಿಂದ. ಫೋನಿನಲ್ಲಿ ಲೊಕೇಶನ್ ಅನುಮತಿ ಇದ್ದರೆ ಜಿಪಿಎಸ್, ಸುತ್ತಲಿನ ವೈಫೈ, ಟವರ್ ಗುರುತು ಸಿಗುತ್ತವೆ, ಊರು ಚೆನ್ನಾಗಿ ಗೊತ್ತಾಗುತ್ತದೆ. ಅನುಮತಿ ಇಲ್ಲದಿದ್ದರೆ ಐಪಿ ವಿಳಾಸದ, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮನ್ನು ಗುರುತಿಸುವ ಸಂಖ್ಯೆಯ ಮೇಲೆ ಹೆಚ್ಚು ಭಾರ ಬೀಳುತ್ತದೆ. ತೊಂದರೆ ಇರುವುದು ಅಲ್ಲಿ.

ನೀವು ಹೊಸನಗರದ ಯಾವುದೋ ತೋಟದಲ್ಲಿ ನಿಂತು ಮೊಬೈಲ್ ಡೇಟಾ ಬಳಸಿದಿರಿ ಅಂತಿಟ್ಟುಕೊಳ್ಳಿ. ನಿಮ್ಮ ಸಂಕೇತ ಹತ್ತಿರದ ಟವರ್‌ಗೆ ಹೋಗುತ್ತದೆ. ಆದರೆ ಅಲ್ಲಿಂದಲೇ ಅದು ಇಂಟರ್ನೆಟ್ಟಿಗೆ ಇಳಿಯುವುದಿಲ್ಲ. ಕಂಪನಿಯ ಒಳಜಾಲದಲ್ಲಿ ಪ್ರಯಾಣ ಮಾಡಿ ದೊಡ್ಡ ಊರಿನ ಗೇಟ್‌ವೇ, ಅಂದರೆ ಇಂಟರ್ನೆಟ್ಟಿಗೆ ತೆರೆಯುವ ಹೆಬ್ಬಾಗಿಲಿನ ಹತ್ತಿರ ಹೊರಗೆ ಬರುತ್ತದೆ. ಹೊರಗಿನವರಿಗೆ ಕಾಣುವ ವಿಳಾಸ ಆ ಗೇಟ್‌ವೇಯದ್ದು. ದೇಶವನ್ನು 22 ಟೆಲಿಕಾಂ ವಲಯಗಳಾಗಿ ಮಾಡಿದ್ದಾರೆ, ಕರ್ನಾಟಕ ಪೂರ್ತಿ ಒಂದು ವಲಯ. ಹಾಗಾಗಿ ಹಳ್ಳಿಯ ಕ್ಲಿಕ್ ಬೆಂಗಳೂರಿನ ಲೆಕ್ಕಕ್ಕೆ ಬೀಳುವುದು ತೀರಾ ಸಹಜ. ಒಮ್ಮೊಮ್ಮೆ ಚೆನ್ನೈ, ಹೈದರಾಬಾದ್ ಲೆಕ್ಕಕ್ಕೂ ಹೋಗುತ್ತದೆ.

ಇನ್ನೊಂದು ಕಾರಣ. ಹಳೆಯ ಬಗೆಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಇರುವುದೇ ಸುಮಾರು 429 ಕೋಟಿ. ಫೋನುಗಳು ಅದಕ್ಕಿಂತ ಹೆಚ್ಚು. ಅದಕ್ಕೇ ಒಂದು ವಿಳಾಸವನ್ನು ಬಹಳ ಜನ ಹಂಚಿಕೊಂಡು ಬಳಸುವ ವ್ಯವಸ್ಥೆ ಇದೆ. ಶಿರಸಿಯವರೂ ಕೋಲಾರದವರೂ ಒಂದೇ ವಿಳಾಸದ ಹಿಂದೆ ಇರಬಹುದು. ಮನೆಗೆ ಕೇಬಲ್ ಹಾಕಿಸಿಕೊಂಡ ಬ್ರಾಡ್‌ಬ್ಯಾಂಡ್‌ನಲ್ಲಿ ಊರು ಸ್ವಲ್ಪ ಮೇಲು.

ಸುಳಿವು ಸಾಲದಾದಾಗ ವ್ಯವಸ್ಥೆ ರಾಜ್ಯದ ಮಟ್ಟಕ್ಕೆ ನಿಲ್ಲುತ್ತದೆ. ಊರಿನ ಜಾಗದಲ್ಲಿ ಅನ್‌ಸ್ಪೆಸಿಫೈಡ್ ಅಂತ ಬರುವುದು ಆಗ. ಊರುಗಳ ಮೊತ್ತಕ್ಕೂ ರಾಜ್ಯದ ಮೊತ್ತಕ್ಕೂ ಇರುವ ವ್ಯತ್ಯಾಸ ಅಲ್ಲಿ ಕೂತಿರುತ್ತದೆ. ರಾಜ್ಯದ ಸಾಲನ್ನು ಬಹುಮಟ್ಟಿಗೆ ನಂಬಿ, ಜಿಲ್ಲೆಯ ಸಾಲನ್ನು ಯೋಚಿಸಿ ನಂಬಿ. ಸಣ್ಣ ಊರಿನ ಸಾಲನ್ನು, ಅದರಲ್ಲೂ ಪಿನ್‌ಕೋಡ್‌ನ ಸಾಲನ್ನು ನೋಡಿ ಹಣದ ತೀರ್ಮಾನ ಮಾಡಬೇಡಿ.

ಹಿನ್ನೀರಮನೆ

ನೀವು ಹೇಳಿದ್ದನ್ನು ಪರೀಕ್ಷೆ ಮಾಡಿದೆ ಸರ್. ಜಗಲಿಯಲ್ಲಿ ಕೂತು, ಮೊಬೈಲ್ ಡೇಟಾದಲ್ಲಿ ಐಪಿ ವಿಳಾಸದ ಊರು ತೋರಿಸುವ ಒಂದು ತಾಣ ತೆರೆದೆ. ಬೆಂಗಳೂರು ಅಂತ ಬಂತು. ಎದುರಿಗೆ ಹಿನ್ನೀರು ಕಾಣುತ್ತಿದೆ!

ಬುಗುರಿಅಂಗಡಿ

ಚನ್ನಪಟ್ಟಣದ ಗೊಂಬೆ ಮಾರುತ್ತೇನೆ, ನನ್ನ ಜಾಹೀರಾತು ಎಲ್ಲ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ. ಅಕ್ಕ ಅಲ್ಲಿಯೂ ಹಾಕುವವರಿದ್ದರೆ ಒಂದು ಎಚ್ಚರ. ಅಲ್ಲಿ ಈ ಹುಡುಕಾಟದ ಆಸಕ್ತಿ ಅನ್ನುವ ಲೆಕ್ಕ ಇಲ್ಲ. ಒಂದು ಜಾಗ ಆರಿಸಿದರೆ ಅಲ್ಲಿ ವಾಸ ಇರುವವರು ಅಥವಾ ಇತ್ತೀಚೆಗೆ ಅಲ್ಲಿದ್ದವರು ಅಂತ ಅರ್ಥ. ವಾಸ ಇರುವವರು ಬೇರೆ, ಪ್ರವಾಸ ಬಂದವರು ಬೇರೆ ಅಂತ ಆರಿಸಲು ಮೊದಲು ಬರುತ್ತಿತ್ತು, 2023ರಲ್ಲಿ ಅದನ್ನೆಲ್ಲ ಒಂದು ಮಾಡಿದರು. ಸಾಗರ ಅಂತ ಆರಿಸಿದರೆ ಸಾಗರದವರಿಗೂ ಜೋಗ ನೋಡಿಕೊಂಡು ಹೋದವರಿಗೂ ತೋರಿಸುತ್ತದೆ. ನಿಮಗೆ ಬೇಕಾದವರು ಇನ್ನೂ ಹೊರಡದವರು. ಅಲ್ಲಿ ಬೆಂಗಳೂರು, ಹುಬ್ಬಳ್ಳಿಯನ್ನೇ ಆರಿಸಬೇಕು.

ರಿಪೋರ್ಟಿನಲ್ಲಿಯೂ ಊರು ಹುಡುಕಬೇಡಿ. ರೀಜನ್ ಅಂತ ಇರುವುದು ನಮಗೆ ರಾಜ್ಯ. ಕರ್ನಾಟಕ ಅಂತ ಒಂದೇ ಸಾಲು ಬರುತ್ತದೆ. ಊರೂರಿನ ಲೆಕ್ಕ ಬೇಕು ಅಂದರೆ ನಾನು ಬೆಂಗಳೂರಿಗೊಂದು, ಮಿಕ್ಕ ಕರ್ನಾಟಕಕ್ಕೊಂದು ಆ್ಯಡ್ ಸೆಟ್ (ಜಾಹೀರಾತಿನ ಗುಂಪು) ಬೇರೆ ಮಾಡಿಡುತ್ತೇನೆ.

ಹಿನ್ನೀರಮನೆ

ಹಾಂ, ಅದಕ್ಕೇ ಇನ್‌ಸ್ಟಾಗ್ರಾಂನಲ್ಲಿ ಬರೀ ನಮ್ಮೂರ ಹುಡುಗರ ಲೈಕು ಬಂದಿದ್ದು! ಸಾಗರ ಆರಿಸಿದ್ದೆವು. ಇವತ್ತೇ ಬದಲಾಯಿಸಿದೆ.

ಹಿನ್ನೀರಮನೆ

ಮೂರು ವಾರ ಆಯಿತು, ಏನಾಯಿತು ಅಂತ ಬರೆಯುವುದು ನನ್ನ ಕರ್ತವ್ಯ.

ಸಾಗರವನ್ನು ಹೊರಗಿಡಲಿಲ್ಲ. ಗೂಗಲ್‌ನಲ್ಲಿ ಸೆಟ್ಟಿಂಗ್ ಇದ್ದ ಹಾಗೇ ಇದೆ. ಕರೆಗಳನ್ನು ಎಣಿಸುವ ಹಾಗೆ ತಮ್ಮನ ಕೈಲಿ ಮಾಡಿಸಿದೆ. ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾರೇ ಕರೆ ಮಾಡಲಿ, "ಎಲ್ಲಿಂದ ಮಾತಾಡ್ತಾ ಇದ್ದೀರಿ, ಎಲ್ಲಿ ನೋಡಿದಿರಿ" ಅಂತ ಕೇಳಿ ಬರೆದುಕೊಳ್ಳುತ್ತೇನೆ. ಭಾನುವಾರ ಕೂತು ರಿಪೋರ್ಟಿನ ಜೊತೆ ಹಿಡಿದು ನೋಡುವುದು.

ಕಳೆದ ಬುಧವಾರದ್ದು ಹೇಳಲೇಬೇಕು. ಬೆಳಿಗ್ಗೆ ಆರೂವರೆಗೆ ಫೋನು. ಗಂಡ, ಹೆಂಡತಿ, ಎರಡು ಮಕ್ಕಳು, ತಾಳಗುಪ್ಪ ರೈಲಿನಲ್ಲಿ ಬಂದು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಿದ್ದಾರೆ. ಮೊದಲೇ ಮಾತಾಡಿಟ್ಟಿದ್ದ ಕಡೆ ರೂಮು ಇಲ್ಲ ಅಂದರಂತೆ. ಜೋರು ಮಳೆ. ಪ್ಲಾಟ್‌ಫಾರ್ಮಿನಲ್ಲೇ ನಿಂತು ಹುಡುಕಿ ನಮಗೆ ಫೋನ್ ಮಾಡಿದ್ದು. ಯಜಮಾನರು ಜೀಪು ತೆಗೆದುಕೊಂಡು ಹೋಗಿ ಕರೆದುಕೊಂಡು ಬಂದರು. ಎರಡು ರಾತ್ರಿ ಉಳಿದರು, ಮಕ್ಕಳು ಹೊರಡುವಾಗ ಅತ್ತರು.

ಲೆಕ್ಕದಪುಸ್ತಕ

ತುಂಬ ಸಂತೋಷ ಅಕ್ಕಾ. ನೀವು ತೆಗೆದು ಹಾಕಬೇಕು ಅಂದುಕೊಂಡಿದ್ದ ಸಾಗರದ ಗಿರಾಕಿ ಅವರೇ. ಆ ದಿನದ ರಿಪೋರ್ಟಿನಲ್ಲಿ ಆ ಕರೆ ಯಾವ ಊರಿನ ಸಾಲಿನಲ್ಲಿ ಬಂದಿದೆ, ನೋಡಿದಿರಾ?

ಹಿನ್ನೀರಮನೆ

ನೋಡಿದೆ. ಆ ದಿನ ಜಾಹೀರಾತಿನಿಂದ ಬಂದಿದ್ದು ಅದೊಂದೇ ಕರೆ. ಮ್ಯಾಚ್ಡ್ ಪಟ್ಟಿಯಲ್ಲಿ ಸಾಗರ, ಇಂಟರೆಸ್ಟ್ ಅಂತ ಇದೆ. ಯೂಸರ್ ಲೊಕೇಶನ್ಸ್‌ನಲ್ಲಿ ಬೆಂಗಳೂರು.